ಹುಲ್ಲಿನ ಹದ, ದನದ ಹದ

ಎಲ್ಲರಿಗೂ ನಮಸ್ಕಾರ.

ಈ ಭಾಷಣಕ್ಕೆ ಒಪ್ಪಿಕೊಂಡ ದಿನ ಊರಿಗೆ ಫೋನ್ ಮಾಡಿದ್ದೆ. ‘ಏನಪ್ಪಾ ವಿಷಯ?’ ಅಂತ ಅಮ್ಮ ಕೇಳಿದರು. ‘ಮಾಂಸಕ್ಕೆ ಅಂತ ಸಾಕೋ ದನಾನ ಬರೀ ಹುಲ್ಲಲ್ಲೇ ಬೆಳೆಸೋದು ಹೇಗೆ ಅಂತಮ್ಮ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, ‘ಹುಲ್ಲಿನ ಬಗ್ಗೆನೇ ಜಾಸ್ತಿ ಮಾತಾಡು’ ಅಂದರು.

ಹಾಗೇ ಮಾಡುತ್ತೇನೆ. ಅಮ್ಮ ಯಾವ ಅರ್ಥದಲ್ಲಿ ಹೇಳಿದರೋ ಏನೋ, ಈ ಕಸುಬಿನಲ್ಲಿ ಮುಕ್ಕಾಲು ಪಾಲು ಕೆಲಸ ಹುಲ್ಲಿನದೇ.

ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ದನ ಕಡಿಯುವ ಹಾಗಿಲ್ಲ. ಹಾಗಾಗಿ ಇದು ‘ನೀವೂ ಮಾಡಿ ನೋಡಿ’ ಅನ್ನುವ ಭಾಷಣ ಅಲ್ಲ. ಐರ್ಲೆಂಡಿನಲ್ಲಿ ನಾನು ಕಣ್ಣಾರೆ ಕಂಡ ಒಂದು ಬೇಸಾಯದ ಕಥೆ. ಇನ್ನು, ‘ನೀವು ತಿಂತೀರಾ?’ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಅದು ನನ್ನ ತಟ್ಟೆ, ನನಗೆ ಬಿಡಿ.

ನಾನು ಓದಿದ್ದು ಮೇವಿನ ಬೆಳೆ. ಹುಲ್ಲಿನ ಮೇಲೆ ಕೆಲಸ ಕಲಿಯಲು ಹೋಗಿ ಮೀತ್ ಅನ್ನುವ ಕೌಂಟಿಯಲ್ಲಿ ಎರಡು ಹಂಗಾಮು ಒಂದು ತೋಟದ ಮನೆಯಲ್ಲಿ ಇದ್ದೆ. ಡಬ್ಲಿನ್ ನಗರದಿಂದ ವಾಯವ್ಯಕ್ಕೆ ಇರುವ ಜಿಲ್ಲೆ ಅದು. ಅಲ್ಲಿಯ ಹಿರಿಯರನ್ನು ಯಜಮಾನರು ಅಂತಲೇ ಕರೆಯುತ್ತೇನೆ. ವಯಸ್ಸು ಎಪ್ಪತ್ತು ದಾಟಿತ್ತು. ಮಾತು ಕಮ್ಮಿ.

ಆ ದೇಶದ ಲೆಕ್ಕ ಸ್ವಲ್ಪ ಕೇಳಿ. ಜನ 50 ಲಕ್ಷಕ್ಕೆ ಸ್ವಲ್ಪ ಮೇಲೆ. ದನ 60 ಲಕ್ಷಕ್ಕೂ ಜಾಸ್ತಿ. ಅಲ್ಲಿ ಆಗುವ ದನದ ಮಾಂಸದಲ್ಲಿ ನೂರಕ್ಕೆ ತೊಂಬತ್ತು ಪಾಲು ಹೊರದೇಶಕ್ಕೆ ಹೋಗುತ್ತದೆ. ಇದಕ್ಕೆಲ್ಲ ಕಾರಣ ಮಳೆ. ನಮ್ಮ ಮುಂಗಾರಿನ ಹಾಗೆ ಸುರಿದು ಹೋಗುವ ಮಳೆ ಅಲ್ಲ. ವರ್ಷವಿಡೀ ಜಿನುಗುತ್ತಲೇ ಇರುತ್ತದೆ. ಚಳಿಯೂ ಅಷ್ಟೇ, ನೆಲ ಹೆಪ್ಪುಗಟ್ಟುವಷ್ಟು ಬೀಳುವುದು ಅಪರೂಪ, ಬೇಸಿಗೆಯೂ ಸುಡುವುದಿಲ್ಲ. ಮಣ್ಣಿನ ಬಿಸಿ ಐದಾರು ಡಿಗ್ರಿ ದಾಟಿದರೆ ಸಾಕು, ಅಲ್ಲಿಯ ಮುಖ್ಯ ಮೇವಾದ ರೈ ಹುಲ್ಲು ಎದ್ದು ನಿಲ್ಲುತ್ತದೆ. ಮೇ ತಿಂಗಳಲ್ಲಿ ಚೆನ್ನಾಗಿರುವ ಒಂದು ಹೆಕ್ಟೇರಿನಲ್ಲಿ ದಿನಕ್ಕೆ 80 ಕಿಲೋ ಒಣಲೆಕ್ಕದ ಹುಲ್ಲು ಬೆಳೆಯುತ್ತದೆ. ಒಣಲೆಕ್ಕ ಅಂದರೆ ನೀರೆಲ್ಲ ತೆಗೆದ ಮೇಲೆ ಉಳಿಯುವ ತೂಕ. ಎಳೆ ಹುಲ್ಲಿನಲ್ಲಿ ನೂರಕ್ಕೆ ಎಂಬತ್ತು ಪಾಲು ನೀರೇ ಇರುತ್ತದಲ್ವಾ, ಅದಕ್ಕೇ ಹಸಿ ತೂಕ ನಂಬಿದರೆ ಮೋಸ.

ನಾನು ಹೋದ ಮೊದಲ ವಾರ ಯಜಮಾನರು ದನದ ಹತ್ತಿರ ಬಿಡಲೇ ಇಲ್ಲ. ಕೈಗೆ ಒಂದು ಕತ್ತರಿ ಕೊಟ್ಟರು. ಜೊತೆಗೆ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಒಂದು ಕಬ್ಬಿಣದ ಚೌಕ, ಒಂದು ಪ್ಲಾಸ್ಟಿಕ್ ಚೀಲ, ಅಡುಗೆಮನೆಯ ತಕ್ಕಡಿ. ಹುಲ್ಲುಗಾವಲನ್ನು ಅವರು ತಂತಿ ಕಟ್ಟಿ ತುಂಡು ತುಂಡು ಮಾಡಿದ್ದರು. ಪ್ಯಾಡಕ್ ಅನ್ನುತ್ತಾರೆ, ನಾನು ತಾಕು ಅನ್ನುತ್ತೇನೆ. ತಾಕಿನ ನಡುವೆ ಹೋಗಿ ಆ ಚೌಕ ಇಡಬೇಕು. ಒಳಗಿನ ಹುಲ್ಲನ್ನು ನೆಲದಿಂದ ನಾಲ್ಕು ಸೆಂಟಿಮೀಟರ್ ಬಿಟ್ಟು ಕತ್ತರಿಸಬೇಕು, ತೂಗಬೇಕು.

ಮೊದಲ ಸಲ ಬಂದದ್ದು 220 ಗ್ರಾಂ. ಅದರಲ್ಲಿ ಒಂದು ಹಿಡಿಯನ್ನು ಮೈಕ್ರೋವೇವ್‌ನಲ್ಲಿ ಇಟ್ಟು ಒಣಗಿಸಿದೆವು. ಮನೆ ತುಂಬ ಬೇಯಿಸಿದ ಸೊಪ್ಪಿನ ವಾಸನೆ. ನೂರು ಗ್ರಾಂಗೆ ಹದಿನೆಂಟು ಗ್ರಾಂ ಉಳಿಯಿತು. ಒಂದು ಹೆಕ್ಟೇರಿನಲ್ಲಿ ಅಂಥ ಚೌಕ ನಲವತ್ತು ಸಾವಿರ. 220ನ್ನು ನೂರಕ್ಕೆ ಹದಿನೆಂಟು ಪಾಲಿಗೆ ಇಳಿಸಿ ನಲವತ್ತು ಸಾವಿರದಿಂದ ಗುಣಿಸಿದರೆ ಹೆಕ್ಟೇರಿಗೆ 1,584 ಕಿಲೋ. ತಾಕು ಸರಿಯಾಗಿ ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ. ಮೇಯುವ ದನ ನಲವತ್ತು. ಒಂದೊಂದೂ 500 ಕಿಲೋ. ದನ ತನ್ನ ತೂಕದ ನೂರಕ್ಕೆ ಎರಡು ಪಾಲಿನಷ್ಟು, ಅಂದರೆ ದಿನಕ್ಕೆ ಹತ್ತು ಕಿಲೋ ಒಣಲೆಕ್ಕದ ಮೇವು ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ ನಾನೂರು ಕಿಲೋ. ನಾಲ್ಕು ದಿನಕ್ಕೆ ತಾಕು ಖಾಲಿ.

ನಾನು ಖುಷಿಯಾಗಿ ‘ನಾಲ್ಕು ದಿನ’ ಅಂದೆ. ಯಜಮಾನರು ತಲೆ ಅಲ್ಲಾಡಿಸಿ ತಾಕಿನ ನಡುವೆ ಒಂದು ಕರೆಂಟ್ ತಂತಿ ಎಳೆದು ಎರಡು ಭಾಗ ಮಾಡಿದರು. ಎರಡು ದಿನ ಇಲ್ಲಿ, ಎರಡು ದಿನ ಅಲ್ಲಿ. ಯಾಕೆ ಅಂದರೆ, ಕಚ್ಚಿದ ಹುಲ್ಲು ಮೂರನೇ ದಿನಕ್ಕೆಲ್ಲ ಮತ್ತೆ ಚಿಗುರಲು ಶುರು ಮಾಡುತ್ತದೆ. ದನಕ್ಕೆ ಆ ಚಿಗುರೇ ಬೇಕು. ನಾಲ್ಕನೇ ದಿನವೂ ಅಲ್ಲೇ ಇದ್ದರೆ ಹಳೆಯದನ್ನು ಬಿಟ್ಟು ಆ ಚಿಗುರನ್ನೇ ಮತ್ತೆ ಕಚ್ಚುತ್ತದೆ. ಒಂದು ಸಲ ಕಚ್ಚಿಸಿಕೊಂಡ ಹುಲ್ಲು ಬೇರಿನ ಹತ್ತಿರ ಕೂಡಿಟ್ಟ ಸಕ್ಕರೆ ಖರ್ಚು ಮಾಡಿ ಎದ್ದಿರುತ್ತದೆ. ಎರಡನೇ ಸಲಕ್ಕೆ ಗಂಟಿನಲ್ಲಿ ಏನೂ ಇರುವುದಿಲ್ಲ.

ಈ ಮಾತನ್ನು ನಿಯಮದ ರೂಪದಲ್ಲಿ ಬರೆದಿಟ್ಟವನು ಫ್ರಾನ್ಸಿನ ನಾರ್ಮಂಡಿಯ ಆಂದ್ರೆ ವೊಯಿಸಾನ್. 1950ರ ದಶಕದಲ್ಲಿ ತನ್ನ ಹಸುಗಳ ಹಿಂದೆ ಹಿಂದೆಯೇ ಸುತ್ತಿ, ಅವು ಏನು ತಿಂದವು, ಎಷ್ಟು ಹೊತ್ತು ತಿಂದವು ಅಂತ ನೋಡಿ ಬರೆದ ಮನುಷ್ಯ. ಹುಲ್ಲಿಗೆ ಎಷ್ಟು ದಿನ ಬಿಡುವು ಕೊಟ್ಟೆ ಅನ್ನುವುದೇ ಮುಖ್ಯ, ಎಷ್ಟು ದನ ಬಿಟ್ಟೆ ಅನ್ನುವುದು ಆಮೇಲೆ ಅಂತ ಅವನ ವಾದ. ಕೊನೆಗೆ ಫಿಡೆಲ್ ಕ್ಯಾಸ್ಟ್ರೋ ಕರೆಸಿಕೊಂಡರು ಅಂತ ಕ್ಯೂಬಾಗೆ ಹೋಗಿ 1964ರಲ್ಲಿ ಅಲ್ಲೇ ತೀರಿಕೊಂಡ. ಹುಲ್ಲಿನ ಪಾಠ ಹೇಳಲು ಹೋದವನ ಸಮಾಧಿ ಹವಾನಾದಲ್ಲಿದೆ.

ಅವನ ನಿಯಮ ಬಡ ರೈತನಿಗೂ ಸಾಧ್ಯ ಆಗಿದ್ದು ಆ ಕರೆಂಟ್ ತಂತಿಯಿಂದ. ಹಿಂದೆ ತಾಕು ಮಾಡಬೇಕು ಅಂದರೆ ಕಲ್ಲಿನ ಗೋಡೆ ಇಲ್ಲ ಮುಳ್ಳುಬೇಲಿ ಬೇಕಿತ್ತು. ನ್ಯೂಜಿಲೆಂಡಿನ ರುಆಕುರಾ ಸಂಶೋಧನಾ ಕೇಂದ್ರದಲ್ಲಿ ಡಗ್ ಫಿಲಿಪ್ಸ್ ಅನ್ನುವವರು 1962ರಲ್ಲಿ ಹೊಸ ಥರದ ಬೇಲಿ ಯಂತ್ರ ಮಾಡಿದರು. ಹುಲ್ಲು ತಂತಿಗೆ ತಾಗಿದರೂ ಅದರ ಕರೆಂಟ್ ಸೋರಿ ಹೋಗುತ್ತಿರಲಿಲ್ಲ. ಆಮೇಲೆ ಒಂದು ಸುರುಳಿ ತಂತಿ, ಹತ್ತು ಪ್ಲಾಸ್ಟಿಕ್ ಗೂಟ ಇದ್ದರೆ ಹತ್ತು ನಿಮಿಷದಲ್ಲಿ ತಾಕು ತಯಾರು. ಆ ತಂತಿ ಮುಟ್ಟಿದರೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಒಂದು ಸಲ ಸಾಕು.

ಈಗ ಹುಲ್ಲನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ಮಂಡಿಯೂರಿ ಒಂದೇ ಒಂದು ರೈ ಹುಲ್ಲಿನ ಕಡ್ಡಿ ಹಿಡಿಯಿರಿ. ಅದರಲ್ಲಿ ಒಂದು ಹೊತ್ತಿಗೆ ಮೂರೇ ಎಲೆ ಜೀವಂತವಾಗಿರುತ್ತವೆ. ನಾಲ್ಕನೆಯದು ಬಂದರೆ ಮೊದಲನೆಯದು ಹಳದಿಯಾಗಿ ಸಾಯುತ್ತದೆ. ಬೇಸಿಗೆಯಲ್ಲಿ ಒಂದು ಎಲೆ ಬರಲು ಸುಮಾರು ಒಂದು ವಾರ. ಅಂದರೆ ಮೇಯಿಸಿದ ಇಪ್ಪತ್ತೊಂದು ದಿನಕ್ಕೆ ಮೂರು ಎಲೆ ತುಂಬುತ್ತವೆ. ಹದ ಅಂದರೆ ಅದೇ. ಒಂದೂವರೆ ಎಲೆಗೆ ದನ ಬಿಟ್ಟರೆ ಹುಲ್ಲು ಸೊರಗುತ್ತದೆ. ನಾಲ್ಕು ಎಲೆ ದಾಟಿದರೆ ಅಡಿಯಲ್ಲಿ ಕೊಳೆ, ಮೇಲೆ ಕಾಂಡ, ತೆನೆ. ದನದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬೆಲ್ಲದ ಪಾಕ ಎಳೆ ಬರುವಾಗ ಒಲೆ ಬಿಟ್ಟು ಆಚೆ ಹೋದವರಿಗೆ ಈ ವಿಷಯ ಬೇರೆ ವಿವರಿಸಬೇಕಾಗಿಲ್ಲ.

ಮೂರು ದಿನಕ್ಕೊಂದು ತಾಕು ಅಂತಿಟ್ಟರೆ ಎಂಟು ತಾಕು. ಒಂದರಲ್ಲಿ ಮೇಯ್ದ ದನ ಉಳಿದ ಏಳನ್ನು ಸುತ್ತಿ ಬರುವಷ್ಟರಲ್ಲಿ ಅದಕ್ಕೆ ಇಪ್ಪತ್ತೊಂದು ದಿನ ಬಿಡುವು. ಕಾಗದದ ಮೇಲೆ ಎಷ್ಟು ಚಂದ ಅಲ್ವಾ? ಆದರೆ ಮೇ ತಿಂಗಳಲ್ಲಿ ಹುಲ್ಲು ದನಕ್ಕಿಂತ ಮುಂದೆ ಓಡುತ್ತದೆ. ಆಗ ಒಂದೆರಡು ತಾಕನ್ನು ಮೇಯಿಸದೆ ಕೊಯ್ದು ರಸಮೇವು, ಅಂದರೆ ಗಾಳಿಯಾಡದ ಹಾಗೆ ಹುಳಿ ಬರಿಸಿದ ಹುಲ್ಲು ಮಾಡಿ ಸುತ್ತಿಡುತ್ತಾರೆ. ಅಕ್ಟೋಬರಿನಲ್ಲಿ ಉಲ್ಟಾ, ದನ ಮುಂದೆ, ಹುಲ್ಲು ಹಿಂದೆ. ಮೀತ್‌ನ ರೈತ ಸೋಮವಾರ ಸೋಮವಾರ ಎಲ್ಲ ತಾಕೂ ನಡೆದು ಅಳೆಯುತ್ತಾನೆ. ಕತ್ತರಿ ಬಿಟ್ಟು ಈಗ ಹೆಚ್ಚಿನವರು ತಟ್ಟೆ ಇರುವ ಕೋಲಿನಲ್ಲಿ ಅಳೆಯುತ್ತಾರೆ. ಅಳತೆ ಹಾಕಲು ಅಲ್ಲಿಯ ಕೃಷಿ ಸಂಶೋಧನಾ ಸಂಸ್ಥೆ ಟೀಗಸ್ಕ್ 2013ರಿಂದ ಒಂದು ಆನ್‌ಲೈನ್ ವ್ಯವಸ್ಥೆ ನಡೆಸುತ್ತಿದೆ. ಯಜಮಾನರು ಮಾತ್ರ ಒಂದು ಹಳೆಯ ಡೈರಿಯಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಮಗಳು ಅದನ್ನು ನೋಡಿಕೊಂಡು ಕಂಪ್ಯೂಟರಿಗೆ ಹಾಕುತ್ತಿದ್ದಳು.

ಇನ್ನು ದನದ ಕಡೆ ಬರೋಣ. ಅಮ್ಮ, ಕ್ಷಮಿಸು.

ಮೀತ್‌ನಲ್ಲಿ ಮೇಯುವ ದನ ಹೆಚ್ಚಾಗಿ ಅಲ್ಲಿ ಹುಟ್ಟಿದ್ದಲ್ಲ. ಪಶ್ಚಿಮದ ಕಲ್ಲುನೆಲದ ಜಿಲ್ಲೆಗಳಲ್ಲಿ ಕರು ಹುಟ್ಟಿಸುತ್ತಾರೆ, ಒಂದು ಒಂದೂವರೆ ವರ್ಷ ಸಾಕುತ್ತಾರೆ, ಜಾತ್ರೆಯಂಥ ದನದ ಮಾರುಕಟ್ಟೆಯಲ್ಲಿ ಮಾರುತ್ತಾರೆ. ಪೂರ್ವದ ಫಲವತ್ತಾದ ಮಣ್ಣಿನವರು ತಂದು ಕೊನೆಯ ಹದಕ್ಕೆ ತರುತ್ತಾರೆ. ಕ್ಲೇರ್ ಕೌಂಟಿಯಲ್ಲಿ ಬರೆನ್ ಅಂತ ಒಂದು ಸುಣ್ಣಕಲ್ಲಿನ ಗುಡ್ಡ ಪ್ರದೇಶ ಇದೆ. ಬೇರೆ ಕಡೆ ಬೇಸಿಗೆಗೆ ದನ ಗುಡ್ಡ ಹತ್ತುತ್ತವೆ. ಅಲ್ಲಿ ಚಳಿಗಾಲಕ್ಕೆ ಹತ್ತುತ್ತವೆ! ಬೇಸಿಗೆಯ ಬಿಸಿಯನ್ನು ಕಲ್ಲು ಹಿಡಿದಿಟ್ಟುಕೊಂಡಿರುತ್ತದೆ, ಕಾಲಡಿ ಕೆಸರೂ ಇರುವುದಿಲ್ಲ. ಚಳಿಗಾಲದಲ್ಲಿ ದನ ಒಣಹುಲ್ಲು ತಿಂದು ಮುಗಿಸುವುದರಿಂದಲೇ ವಸಂತದಲ್ಲಿ ಆ ಕಲ್ಲುಗಳ ಸಂದಿಯಲ್ಲಿ ನೀಲಿ ಜೆಂಟಿಯನ್ ಹೂ ಅರಳುತ್ತದೆ. ನಾನು ಒಂದು ಭಾನುವಾರ ಬಸ್ಸಿನಲ್ಲಿ ಹೋಗಿ ನೋಡಿ ಬಂದೆ. ಹೂ ನೋಡಲು ಬಂದವರಿಗೆ ಸೆಗಣಿ ನೋಡಿ ಬೇಜಾರು. ಎರಡಕ್ಕೂ ಸಂಬಂಧ ಇದೆ ಅಂತ ಯಾರು ಹೇಳುತ್ತಾರೆ?

ಯಜಮಾನರ ಹತ್ತಿರ ಇದ್ದವು ಬೀಜ ಒಡೆಸಿದ ಹೋರಿಗಳು. ನಮ್ಮ ಲೆಕ್ಕದಲ್ಲಿ ಎತ್ತುಗಳೇ, ನೊಗ ಕಂಡಿಲ್ಲ ಅಷ್ಟೇ. ಹೆಚ್ಚಿನವು ಆಂಗಸ್, ಹೆರೆಫರ್ಡ್ ಬೆರಕೆ. ಯಾಕೆ ಅಂದರೆ ಈ ಎರಡು ತಳಿ ಬೇಗ ಹದಕ್ಕೆ ಬರುತ್ತವೆ. ಫ್ರಾನ್ಸಿನ ಶರೊಲೆ ತಳಿ ದೊಡ್ಡ ಮೈಕಟ್ಟು, ಅದು ಬರೀ ಹುಲ್ಲಿನಲ್ಲಿ ಕೊಬ್ಬು ಕಟ್ಟಲು ಬಹಳ ಸಮಯ ತೆಗೆದುಕೊಳ್ಳುತ್ತದೆ. ಕೊನೆಗೆ ಕಾಳು ಹಾಕಲೇಬೇಕಾಗುತ್ತದೆ.

ಇಲ್ಲೇ ಈ ಕಸುಬಿನ ಗುಟ್ಟು ಇರುವುದು. ದನದ ಮೈ ಒಂದು ಕ್ರಮದಲ್ಲಿ ಬೆಳೆಯುತ್ತದೆ. ಮೊದಲು ಮೂಳೆ, ಆಮೇಲೆ ಮಾಂಸ, ಕೊನೆಗೆ ಕೊಬ್ಬು. ಕೊಬ್ಬಿನಲ್ಲೂ ಸರದಿ ಇದೆ. ಮೊದಲು ಕಿಡ್ನಿಯ ಸುತ್ತ, ಆಮೇಲೆ ಮಾಂಸಖಂಡಗಳ ನಡುವೆ, ಆಮೇಲೆ ಚರ್ಮದ ಕೆಳಗೆ. ಮಾಂಸದ ಎಳೆಗಳ ಒಳಗೆ ಸೇರುವ ಕೊಬ್ಬು ಎಲ್ಲಕ್ಕಿಂತ ಕೊನೆಗೆ. ತಿನ್ನುವವರು ರುಚಿ ಅನ್ನುವುದು ಆ ಕೊನೆಯದಕ್ಕೇ. ಒಂದು ಕಿಲೋ ಮಾಂಸ ಕಟ್ಟುವುದಕ್ಕಿಂತ ಒಂದು ಕಿಲೋ ಕೊಬ್ಬು ಕಟ್ಟಲು ಬಹಳ ಜಾಸ್ತಿ ಮೇವು ಬೇಕು. ಮಾಂಸದಲ್ಲಿ ಮುಕ್ಕಾಲು ಪಾಲು ನೀರಿರುತ್ತದೆ, ಕೊಬ್ಬಿನಲ್ಲಿ ಅದಿಲ್ಲ. ಹಾಗಾಗಿ ಕೊನೆಯ ನೂರು ದಿನ ದನಕ್ಕೆ ದಿನಾ ಒಳ್ಳೆ ಹುಲ್ಲೇ ಸಿಗಬೇಕು. ಹೊಟ್ಟೆ ಬಾಡಿದರೆ ಕಟ್ಟಿದ ಕೊಬ್ಬು ಕರಗಲು ಶುರುವಾಗುತ್ತದೆ.

ಬ್ರೆಜಿಲ್‌ನವರಿಗೆ ಇದಕ್ಕೆ ಒಂದು ಮಾತಿದೆ, ಅಕಾರ್ಡಿಯನ್ ಎತ್ತು. ಮಳೆಗಾಲದಲ್ಲಿ ಹಿಗ್ಗುತ್ತದೆ, ಒಣಗಾಲದಲ್ಲಿ ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಹಾಗೆ ಹಿಗ್ಗಿ ಕುಗ್ಗಿ ನಾಲ್ಕು ವರ್ಷ ಕಳೆದುಬಿಡುತ್ತದೆ. ಆ ಎತ್ತಿನ ಪೂರ್ವಿಕರು ನಮ್ಮ ಕಡೆಯವರೇ. ಬ್ರೆಜಿಲ್‌ನ ನೆಲೋರ್ ತಳಿ ಆಂಧ್ರದ ಒಂಗೋಲ್‌ನಿಂದ ಬಂದದ್ದು. ಅಮೆರಿಕದ ಬ್ರಾಹ್ಮನ್ ತಳಿಯಲ್ಲಿ ಗಿರ್, ಕಾಂಕ್ರೇಜ್, ಒಂಗೋಲ್ ಜೊತೆ ನಮ್ಮ ಕೃಷ್ಣಾ ಕಣಿವೆ ದನದ ರಕ್ತವೂ ಇದೆ. ವಿಜಯಪುರ, ಬಾಗಲಕೋಟೆ ಕಡೆಯ ಎರೆಹೊಲ ಉಳುತ್ತಿದ್ದ ತಳಿ. ಇಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕು ಈಗ.

ಹದ ಬಂತೋ ಇಲ್ಲವೋ ಅಂತ ನೋಡುವುದು ಹೇಗೆ? ತೂಕದ ಯಂತ್ರ ಅರ್ಧ ಹೇಳುತ್ತದೆ. ಉಳಿದರ್ಧ ಕೈಗೆ ಗೊತ್ತಾಗಬೇಕು. ನಮ್ಮ ಪಶು ಆಸ್ಪತ್ರೆ ಮುಂದೆ ದನ ನಿಲ್ಲಿಸಲು ಕಬ್ಬಿಣದ ಕಂಬಿ ಹಾಕಿರುತ್ತಾರಲ್ಲ, ಅಂಥದ್ದೇ ಅಲ್ಲೂ ಇತ್ತು. ಒಂದು ಎತ್ತನ್ನು ನಿಲ್ಲಿಸಿ ಯಜಮಾನರು ನನ್ನ ಕೈ ಹಿಡಿದು ಅದರ ಬಾಲದ ಬುಡದ ಮೇಲೆ ಇಟ್ಟರು. ಆಮೇಲೆ ಸೊಂಟದ ಅಂಚು. ಆಮೇಲೆ ಪಕ್ಕೆಲುಬು. ‘ಕಣ್ಣು ಮುಚ್ಚು’ ಅಂದರು. ಮುಚ್ಚಿದೆ. ನನಗೆ ಗೊತ್ತಾಗಿದ್ದು ಹೀಗೆ. ಹಲಗೆ ಮೇಲೆ ಪಂಚೆ ಹಾಸಿದ ಹಾಗಿದ್ದರೆ ಇನ್ನೂ ಹದ ಬಂದಿಲ್ಲ. ಕಂಬಳಿ ಹಾಸಿದ ಹಾಗಿದ್ದರೆ ಬಂದಿದೆ. ಹಾಸಿಗೆ ಹಾಸಿದ ಹಾಗೆ ಮೆತ್ತಗಿದ್ದರೆ ದಾಟಿಹೋಗಿದೆ. ಕಂಬಳಿ ಅಂದರೇನು ಅಂತ ಅವರಿಗೆ ವಿವರಿಸುವ ಹೊತ್ತಿಗೆ ಎತ್ತಿಗೆ ಬೇಜಾರಾಗಿ ನನ್ನ ಕಾಲು ತುಳಿಯಿತು.

ಲೆಕ್ಕದ ಪ್ರಕಾರ ಚೆನ್ನಾಗಿ ಮೇಯುವ ಎತ್ತು ದಿನಕ್ಕೆ ಒಂದು ಕಿಲೋ ಹತ್ತಿರ ಹತ್ತಿರ ಕಟ್ಟುತ್ತದೆ. ಅಮೆರಿಕದ ಟೆಕ್ಸಸ್, ನೆಬ್ರಾಸ್ಕಾ ಕಡೆ ಸಾವಿರಾರು ದನಗಳನ್ನು ದೊಡ್ಡಿಯಲ್ಲಿ ಕೂಡಿ ಮೆಕ್ಕೆಜೋಳ ಹಾಕುತ್ತಾರೆ, ಅಲ್ಲಿ ದಿನಕ್ಕೆ ಒಂದೂವರೆ ಕಿಲೋ. ಒಂದು ವಿಷಯ ಜನರಿಗೆ ಗೊತ್ತಿರುವುದಿಲ್ಲ. ಆ ದೊಡ್ಡಿಯ ದನವೂ ಮೊದಲು ತಾಯಿ ಜೊತೆ ಹುಲ್ಲಿನಲ್ಲೇ ಬೆಳೆದದ್ದು. ವ್ಯತ್ಯಾಸ ಇರುವುದು ಕೊನೆಯ ನಾಲ್ಕಾರು ತಿಂಗಳಲ್ಲಿ. ಹಾಗಾಗಿ ‘ಹುಲ್ಲು ತಿಂದ ದನ’ ಅನ್ನುವ ಚೀಟಿ ಅಂಟಿಸಿದ್ದರೆ, ಕೊನೆಯಲ್ಲಿ ಏನು ತಿಂದಿತ್ತು ಅಂತ ಕೇಳಬೇಕು. ಅಮೆರಿಕದ ಕೃಷಿ ಇಲಾಖೆ ಈ ಚೀಟಿಗೆ ಮಾಡಿದ್ದ ತನ್ನ ಮಾನದಂಡವನ್ನು 2016ರಲ್ಲಿ ವಾಪಸ್ ತೆಗೆದುಕೊಂಡಿತು. ಐರ್ಲೆಂಡಿನ ಹುಲ್ಲು ದನದ ಮಾಂಸಕ್ಕೆ 2023ರಲ್ಲಿ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿತು, ನಮ್ಮ ಮೈಸೂರು ಮಲ್ಲಿಗೆಗೆ ಇರುವ ಹಾಗೆ. ಅದಕ್ಕೆ ಮೇವಿನಲ್ಲಿ ನೂರಕ್ಕೆ ತೊಂಬತ್ತು ಹುಲ್ಲಿರಬೇಕು, ವರ್ಷಕ್ಕೆ 220 ದಿನ ಬಯಲಿನಲ್ಲಿ ಮೇಯಬೇಕು. ಉಳಿದ ದಿನ ಕೊಟ್ಟಿಗೆ, ರಸಮೇವು. ರಸಮೇವೂ ಹುಲ್ಲೇ ತಾನೆ, ಅದು ಲೆಕ್ಕಕ್ಕೆ ಬರುತ್ತದೆ.

ಆರೋಗ್ಯದ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ. ಹುಲ್ಲು ತಿಂದ ದನದ ಕೊಬ್ಬು ಹಳದಿ ಬಣ್ಣ, ಹುಲ್ಲಿನ ಕ್ಯಾರೋಟಿನ್ ಸೇರಿಕೊಂಡದ್ದು. ನಮ್ಮ ಹಸುವಿನ ತುಪ್ಪ ಹಳದಿ ಇರುವುದೂ ಅದಕ್ಕೇ. ಒಮೆಗಾ-3 ಕಾಳು ತಿಂದ ದನಕ್ಕಿಂತ ಜಾಸ್ತಿ ಇರುತ್ತದೆ, ನಿಜ. ಆದರೆ ಎಣ್ಣೆ ಮೀನಿನ ಮುಂದೆ ಅದು ಲೆಕ್ಕಕ್ಕಿಲ್ಲ. ಔಷಧಿ ಅಂತ ಮಾರುವವರನ್ನು ನಂಬಬೇಡಿ.

ಈಗ ನನ್ನ ತಪ್ಪಿನ ಕಥೆ. ಆಗಸ್ಟ್ ತಿಂಗಳು. ಒಂದು ತಾಕಿನಲ್ಲಿ ಕೆಂಪು ಕ್ಲೋವರ್ ಜಾಸ್ತಿ ಇತ್ತು. ನಮ್ಮ ಕುದುರೆ ಮಸಾಲೆ ಜಾತಿಯ ಸೊಪ್ಪು, ಬೇರಿನಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ, ಯೂರಿಯಾ ಖರ್ಚು ಉಳಿಸುತ್ತದೆ, ದನಕ್ಕೂ ಇಷ್ಟ. ಕೊಯ್ದ ಮೇಲೆ ಚಿಗುರಿ ಮೆತ್ತಗೆ ನಿಂತಿತ್ತು. ಯಜಮಾನರು ಹಿಂದಿನ ದಿನವೇ ಹೇಳಿದ್ದರು: ಇಬ್ಬನಿ ಆರಿದ ಮೇಲೆ ಬಿಡು, ಮೊದಲು ಒಣಹುಲ್ಲು ಹಾಕು. ನನಗೆ ಡಬ್ಲಿನ್ ಬಸ್ಸು ಹಿಡಿಯಬೇಕಿತ್ತು. ಬೆಳಿಗ್ಗೆ ಆರಕ್ಕೆ ತಂತಿ ತೆಗೆದುಬಿಟ್ಟೆ. ರಾತ್ರಿಯೇ ಹಳೆ ತಾಕು ಖಾಲಿಯಾಗಿತ್ತು. ಹಸಿದ ದನ ಒದ್ದೆ ಸೊಪ್ಪಿನ ಮೇಲೆ ಬಿದ್ದವು.

ಏಳೂವರೆ ಹೊತ್ತಿಗೆ ಕಿವಿಯ ಓಲೆಯಲ್ಲಿ ಕೊನೆಗೆ 417 ಅಂತ ಇದ್ದ ಒಂದು ಎತ್ತು ಮೇಯುವುದು ಬಿಟ್ಟು ನಿಂತಿತ್ತು. ಎಡಗಡೆ ಪಕ್ಕೆಲುಬಿನ ಹಿಂದಿನ ಗುಳಿ ಗುಳಿಯಾಗಿರಲಿಲ್ಲ, ಬೆನ್ನಿಗಿಂತ ಮೇಲೆ ಬಂದಿತ್ತು. ತಟ್ಟಿದರೆ ತಮಟೆ ಸದ್ದು. ಹೊಟ್ಟೆ ಉಬ್ಬರ. ಕ್ಲೋವರ್‌ನ ಉಬ್ಬರದಲ್ಲಿ ಗಾಳಿ ಗಾಳಿಯಾಗಿ ಇರುವುದಿಲ್ಲ, ಸೋಪಿನ ನೊರೆಯ ಹಾಗೆ ಸಣ್ಣ ಸಣ್ಣ ಗುಳ್ಳೆಯಾಗಿ ಮೇವಿನಲ್ಲಿ ಸಿಕ್ಕಿಕೊಂಡಿರುತ್ತದೆ. ದನಕ್ಕೆ ತೇಗಲು ಆಗುವುದಿಲ್ಲ. ಗಂಟಲಿಗೆ ಪೈಪ್ ಹಾಕಿದರೂ ನೊರೆಯೇ ಬರುತ್ತದೆ. ಯಜಮಾನರು ಆ ಪೈಪಿನಲ್ಲೇ ಎಣ್ಣೆ ಸುರಿದರು. ನಮ್ಮೂರಲ್ಲಿ ಅಜ್ಜ ಕಡಲೆಕಾಯಿ ಎಣ್ಣೆ ಗೊಟ್ಟ ಹಾಕುತ್ತಿದ್ದದ್ದು ನೆನಪಾಯಿತು. ಅದೇ ಮದ್ದು, ಎಣ್ಣೆ ಗುಳ್ಳೆ ಒಡೆಯುತ್ತದೆ. ಆಮೇಲೆ ನಡೆಸಿದೆವು. ತಾಕಿನ ಸುತ್ತ, ಮತ್ತೆ ಸುತ್ತ. ಅರ್ಧ ಗಂಟೆ ಆದ ಮೇಲೆ ಆ ಎತ್ತು ತೇಗಿತು. ಅಷ್ಟು ದೊಡ್ಡ ತೇಗು, ಅಷ್ಟು ಕೆಟ್ಟ ವಾಸನೆ, ಅಷ್ಟು ಸಂತೋಷ ನಾನು ಒಟ್ಟಿಗೆ ಯಾವತ್ತೂ ಕಂಡಿಲ್ಲ.

ಇನ್ನೊಂದು ಎತ್ತು ಬೇಲಿಯ ಮರೆಯಲ್ಲಿ ಬಿದ್ದಿತ್ತು. ಅದನ್ನು ನಾವು ನೋಡಿದ್ದು ತಡವಾಗಿ.

ಯಜಮಾನರು ಬೈಯಲಿಲ್ಲ. ಸಂಜೆ ಚಹಾ ಕುಡಿಯುವಾಗ, ‘ನಾಳೆ ಹನ್ನೊಂದು ಗಂಟೆಗೆ ತಂತಿ ತೆಗಿ’ ಅಂದರು. ಅಷ್ಟೇ. ಬೈದಿದ್ದರೆ ರಾತ್ರಿ ನಿದ್ದೆ ಬರುತ್ತಿತ್ತೇನೋ.

ಆ ಹಸಿರು ಬಯಲು ನೋಡಿ ‘ಸ್ವರ್ಗ’ ಅಂತ ಫೋಟೋ ಹಾಕುವವರು ಬಹಳ. ನಾನೂ ಹಾಕಿದ್ದೆ. ಅದರ ಹಳೆಯ ಕಥೆ ಅಷ್ಟು ಹಸಿರಲ್ಲ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬಂದ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷ ಜನ ಊರು ಬಿಟ್ಟರು. ಖಾಲಿಯಾದ, ಖಾಲಿ ಮಾಡಿಸಿದ ಎಷ್ಟೋ ಹೊಲಗಳು ಹುಲ್ಲಾದವು. ಜನಕ್ಕಿಂತ ಎತ್ತು ಲಾಭ ಅನ್ನುವ ಲೆಕ್ಕ ಜಮೀನ್ದಾರರದ್ದು. 1906ರಲ್ಲಿ ಪಕ್ಕದ ವೆಸ್ಟ್‌ಮೀತ್ ಕೌಂಟಿಯಲ್ಲಿ ಲಾರೆನ್ಸ್ ಗಿನೆಲ್ ಅನ್ನುವ ಪಾರ್ಲಿಮೆಂಟ್ ಸದಸ್ಯ, ದೊಡ್ಡ ದನದ ಒಡೆಯರ ಜಾನುವಾರುಗಳನ್ನು ಗಾವಲಿನಿಂದ ಓಡಿಸಿ ಅಂತ ಜನರಿಗೆ ಕರೆ ಕೊಟ್ಟ. ರಾತ್ರೋರಾತ್ರಿ ಎತ್ತುಗಳನ್ನು ಮೈಲಿಗಟ್ಟಲೆ ಹೊಡೆದುಕೊಂಡು ಹೋಗಿ ರಸ್ತೆಯಲ್ಲಿ ಬಿಟ್ಟುಬಿಡುತ್ತಿದ್ದರು. ಉಳುವ ಜನಕ್ಕೆ ನೆಲ ಬೇಕು ಅನ್ನುವುದು ಹೋರಾಟ. ಗೋಮಾಳ ಯಾರಿಗೆ ಅಂತ ನಮ್ಮಲ್ಲಿ ನಡೆಯುವ ಜಗಳ ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಈಗಿನ ಜಗಳ ಗಾಳಿಯದ್ದು. ದನ ತೇಗಿದರೆ ಮೀಥೇನ್. ಐರ್ಲೆಂಡ್ ದೇಶ ಬಿಡುವ ಹಸಿರುಮನೆ ಅನಿಲದಲ್ಲಿ ನೂರಕ್ಕೆ 38ರಷ್ಟು ಕೃಷಿಯದ್ದೇ. 2030ರ ಒಳಗೆ ಕೃಷಿಯ ಪಾಲನ್ನು ಕಾಲು ಭಾಗ ಇಳಿಸಬೇಕು ಅಂತ ಸರ್ಕಾರ ಹೇಳಿದೆ. ಇಲ್ಲಿ ಹುಲ್ಲಿನ ಭಕ್ತರು ಸ್ವಲ್ಪ ಮುಜುಗರ ಪಡಬೇಕು. ಹುಲ್ಲಿನಲ್ಲಿ ದನ ನಿಧಾನಕ್ಕೆ ಬೆಳೆಯುತ್ತದೆ, ಜಾಸ್ತಿ ದಿನ ಬದುಕುತ್ತದೆ, ಅಷ್ಟೂ ದಿನ ತೇಗುತ್ತದೆ. ಕಿಲೋ ಮಾಂಸಕ್ಕೆ ಲೆಕ್ಕ ಹಾಕಿದರೆ ಕಾಳಿನ ದೊಡ್ಡಿಗಿಂತ ಮೀಥೇನ್ ಜಾಸ್ತಿ ಬರುವುದೇ ಸಾಮಾನ್ಯ. ಹುಲ್ಲಿನ ಬೇರು ಮಣ್ಣಿಗೆ ಇಂಗಾಲ ಸೇರಿಸುತ್ತದೆ, ಹೌದು. ಆದರೆ ಹಳೆಯ ಗಾವಲಿನ ಮಣ್ಣು ಕೆಲವು ದಶಕಕ್ಕೆ ತುಂಬಿಕೊಂಡುಬಿಡುತ್ತದೆ, ಎಲ್ಲ ತೇಗನ್ನೂ ಅದು ನುಂಗಲಾರದು. ಹಾಗಾಗಿ ಹದ ಬಂದ ದನವನ್ನು ಹದಿನೈದು ದಿನ ಸುಮ್ನೆ ನಿಲ್ಲಿಸಿಕೊಳ್ಳುವುದು ಈಗ ಬರೀ ಜೇಬಿನ ನಷ್ಟ ಅಲ್ಲ.

‘ಇದೆಲ್ಲ ನಮ್ಮಲ್ಲಿ ಆಗತ್ತಾ ಸಾರ್?’ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ. ಹೀಗೇ ಆಗಲ್ಲ. ನಮ್ಮದು ನಾಲ್ಕು ತಿಂಗಳ ಮಳೆ. ನಮ್ಮ ಬಿಸಿ ನೆಲದ ಹುಲ್ಲು ಬಹಳ ಬೇಗ ಕಡ್ಡಿಯಾಗುತ್ತದೆ. ಆದರೆ ಬಿಡುವು ಕೊಡುವ ಬುದ್ಧಿ ನಮಗೆ ಹೊಸದಲ್ಲ. ಮೈಸೂರು ಅರಸರ ಕಾಲದ ಅಮೃತಮಹಲ್ ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇಟ್ಟಿದ್ದರು. ದನ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿದ್ದವು. ಅದು ಮಾಂಸಕ್ಕೆ ಅಲ್ಲ, ದಂಡಿನ ಗಾಡಿ ಎಳೆಯಲು. ಹುಲ್ಲಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಇನ್ನು ಹೈನು ಮಾಡುವವರು ಒಂದು ಕೆಲಸ ಮಾಡಬಹುದು. ನೇಪಿಯರ್ ಹುಲ್ಲನ್ನು ಆಳೆತ್ತರ ಬೆಳೆಯಲಿ ಅಂತ ಮೂರು ತಿಂಗಳು ಬಿಡಬೇಡಿ. ಮೊದಲ ಕೊಯ್ಲು ಆದ ಮೇಲೆ 45 ದಿನಕ್ಕೊಂದು ಸಲ ಕೊಯ್ಯಿರಿ. ತೊಂಬತ್ತು ದಿನದ ನೇಪಿಯರ್ ಹಾಕಿ, ಹಾಲು ಕಮ್ಮಿ ಅಂತ ಹಿಂಡಿ ಜಾಸ್ತಿ ತರುವವರನ್ನು ನಾನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಇನ್ನೊಬ್ಬರು ಕೇಳುತ್ತಿದ್ದಾರೆ, ಆ 417 ಏನಾಯಿತು ಅಂತ. ಬಂದೇ ಬರುತ್ತದೆ ಅಂತ ಗೊತ್ತಿತ್ತು ಈ ಪ್ರಶ್ನೆ.

ಉಬ್ಬರ ಆದ ಮೇಲೆ ಒಂದು ವಾರ ಮಂಕಾಗಿತ್ತು. ಆಮೇಲೆ ಚೇತರಿಸಿಕೊಂಡಿತು. ಸೆಪ್ಟೆಂಬರ್ ಮಧ್ಯದಲ್ಲಿ ಯಜಮಾನರು ಎಲ್ಲವನ್ನೂ ಕಂಬಿಯೊಳಗೆ ಹಾಯಿಸಿ ಕೈಯಾಡಿಸಿದರು. ಹದಿನಾಲ್ಕು ಎತ್ತು ಆರಿಸಿದರು. 417 ಹತ್ತಿರ ಬಂದಾಗ ನನ್ನ ಕಡೆ ನೋಡಿದರು. ನಾನು ಪಕ್ಕೆಲುಬು ಮುಟ್ಟಿ, ‘ಇನ್ನೂ ಸ್ವಲ್ಪ ದಿನ ಇರ್ಲಿ’ ಅಂದೆ. ನಿಜ ಹೇಳಬೇಕು ಅಂದರೆ ಕೈಗೆ ಕಂಬಳಿ ಸಿಕ್ಕಿತ್ತು. ಕಳಿಸಲು ಮನಸ್ಸಿರಲಿಲ್ಲ. ಅವರು ಏನೂ ಹೇಳದೆ ಅದನ್ನು ವಾಪಸ್ ತಾಕಿಗೆ ಬಿಟ್ಟರು.

ಅಕ್ಟೋಬರ್ ಮೊದಲ ವಾರ ಎರಡನೇ ಲಾರಿ ಬಂತು. ಅಲ್ಲಿ ಕಸಾಯಿಖಾನೆಗೆ ಫ್ಯಾಕ್ಟರಿ ಅಂತಲೇ ಅನ್ನುತ್ತಾರೆ. ಪ್ರತಿ ದನಕ್ಕೂ ಪಾಸ್‌ಪೋರ್ಟ್ ಇರುತ್ತದೆ, ಲಾರಿ ಹತ್ತುವ ಮುಂಚೆ ಓಲೆಯ ನಂಬರ್ ಅದರ ಜೊತೆ ತಾಳೆ ನೋಡಬೇಕು. ಆ ದಿನ ನಂಬರ್ ಓದುವ ಕೆಲಸ ನನ್ನದು. 417 ಓದಿದೆ. ಅದು ಎಲ್ಲದರ ಹಾಗೆ ಹಲಗೆ ಹತ್ತಿ ಒಳಗೆ ಹೋಯಿತು.

ಎರಡು ದಿನದ ಮೇಲೆ ಚೀಟಿ ಬಂತು. ಜೀವಂತ ತೂಕ ನಮ್ಮ ಲೆಕ್ಕದಲ್ಲಿ 610 ಕಿಲೋ. ಚೀಟಿಯಲ್ಲಿ, ಅಂದರೆ ತಲೆ, ಚರ್ಮ, ಹೊಟ್ಟೆ ಎಲ್ಲ ತೆಗೆದ ಮೇಲೆ, 322. ಮೈಕಟ್ಟು ಓ ಪ್ಲಸ್, ಅಂದರೆ ಸಾಧಾರಣ ದರ್ಜೆ. ಕೊಬ್ಬು ನಾಲ್ಕು ಮೈನಸ್, ಅಂಕಿ ಏರಿದಷ್ಟೂ ಕೊಬ್ಬು ಜಾಸ್ತಿ ಅಂತ ಅರ್ಥ. ಯಜಮಾನರಿಗೆ ಬೇಕಿದ್ದದ್ದು ಮೂರು. ಕನ್ನಡಕ ಏರಿಸಿ ಚೀಟಿಯನ್ನು ಎರಡು ಸಲ ಓದಿದರು. ಪೆನ್ಸಿಲ್‌ನಿಂದ ಡೈರಿಯಲ್ಲಿ ಬರೆದುಕೊಂಡರು.

‘ಎರಡು ವಾರ ತಡ’ ಅಂದರು. ‘ಆ ಹುಲ್ಲು ಇನ್ನೊಂದಕ್ಕೆ ಆಗ್ತಿತ್ತು.’